ಲ್ಯಾಪ್‌ಟಾಪ್ ಇಲ್ಲದೆ ಐದು ದಿನದ ಫೋಟೋ ತಿರುಗಾಟ: ರಾ ಫೈಲುಗಳನ್ನು ಟ್ಯಾಬ್ಲೆಟ್ಟಿಗೆ ತಂದು ತಿದ್ದುವುದು ಹೇಗೆ?

ಕೇಳಿದವರು, ಹುಬ್ಬಳ್ಳಿ

ನಮಸ್ಕಾರರೀ. ಡಿಸೆಂಬರಿನಲ್ಲಿ ಐದು ದಿನ ಗದಗ ಕಡೆಯ ಲಕ್ಕುಂಡಿ, ಡಂಬಳ, ಮಾಗಡಿ ಕೆರೆ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಬಂಕಾಪುರ ಕೋಟೆ ಸುತ್ತುವುದಿದೆ. ಲ್ಯಾಪ್‌ಟಾಪ್ ಒಯ್ಯುವುದಿಲ್ಲ. ಕ್ಯಾಮೆರಾ 24 ಮೆಗಾಪಿಕ್ಸೆಲ್, ಎರಡು ಕಾರ್ಡ್ ಹಾಕಬಹುದು. 64 ಜಿಬಿಯ ಎರಡು ಎಸ್‌ಡಿ ಕಾರ್ಡ್ ಇವೆ. ಟ್ಯಾಬ್ಲೆಟ್ ಟೈಪ್-ಸಿ ಐಪ್ಯಾಡ್, 128 ಜಿಬಿ. ತಮ್ಮನ ಹತ್ತಿರ ಆಂಡ್ರಾಯ್ಡ್ ಟ್ಯಾಬ್ಲೆಟ್ ಇದೆ. ಯಾವ ಕಾರ್ಡ್ ರೀಡರ್ ತಗೋಬೇಕು, ಜಾಗ ಸಾಲುತ್ತದೆಯೇ, ತಿದ್ದಲು ಯಾವ ಆ್ಯಪ್, ಲಾಡ್ಜಿನ ವೈಫೈ ನಂಬಬಹುದೇ? ಮಾಡಿ ನೋಡಿದವರು ತಿಳಿಸಿರಿ.

ಧಾರವಾಡದಿಂದ ಉತ್ತರ

ಮೊದಲು ಜಾಗದ ಲೆಕ್ಕ. ರಾ ಎಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರದ ಫೈಲು. 24 ಮೆಗಾಪಿಕ್ಸೆಲ್ ಎಂದರೆ 2.4 ಕೋಟಿ ಬಿಂದು. ಒಂದೊಂದಕ್ಕೆ 14 ಬಿಟ್ ಹಿಡಿದರೆ ಒಂದು ಚಿತ್ರ ಸುಮಾರು 42 ಎಂಬಿ. ಗುಣ ಕಳೆಯದೆ ಕುಗ್ಗಿಸುವ ರಾ ಆಯ್ಕೆ (ಮೆನುವಿನಲ್ಲಿ ಲಾಸ್‌ಲೆಸ್ ಕಂಪ್ರೆಸ್ಡ್ ಎಂದಿರುತ್ತದೆ) ಹಾಕಿಕೊಂಡರೆ 25ರಿಂದ 30 ಎಂಬಿಗೆ ಇಳಿಯುತ್ತದೆ. ಅನ್‌ಕಂಪ್ರೆಸ್ಡ್ ಇಟ್ಟರೆ ಜಾಗ ಹೋಗುತ್ತದೆಯೇ ಹೊರತು ಚಿತ್ರಕ್ಕೆ ಏನೂ ಸಿಗುವುದಿಲ್ಲ. ಕ್ಯಾನನ್ ಇದ್ದರೆ ಸಿ-ರಾ ಇನ್ನೂ ಚಿಕ್ಕದು, ಆದರೆ ಗರ್ಭಗುಡಿಯ ಕತ್ತಲೆಯನ್ನು ಎತ್ತುವಾಗ ಸ್ವಲ್ಪ ಕಲೆ ಹೆಚ್ಚು ಕಾಣಬಹುದು. ದೇವಸ್ಥಾನದ ದಿನ ಮಾಮೂಲು ರಾ ಇರಲಿ.

ಗುಡಿಯಲ್ಲಿ ದಿನಕ್ಕೆ 400 ಚಿತ್ರ ತೆಗೆದರೆ 12 ಜಿಬಿ. ಮಾಗಡಿಯಲ್ಲಿ ಬಾತುಗಳು ಏಳುವಾಗ ಸೆಕೆಂಡಿಗೆ 10ರಂತೆ ಹೊಡೆದರೆ, ಎಲ್ಲ ಕೂಡಿ ಒಂದೇ ನಿಮಿಷ ಗುಂಡಿ ಒತ್ತಿದ್ದರೂ 600 ಚಿತ್ರ, 18 ಜಿಬಿ. ಐದು ದಿನಕ್ಕೆ 80ರಿಂದ 100 ಜಿಬಿ ಸಲೀಸಾಗಿ ಆಗುತ್ತದೆ. ನಿಮ್ಮ ಐಪ್ಯಾಡಿನಲ್ಲಿ ಅಷ್ಟು ಖಾಲಿ ಇರುವುದಿಲ್ಲ. ಟ್ಯಾಬ್ಲೆಟ್ಟನ್ನು ಹಗೇವು ಮಾಡಿಕೊಳ್ಳಬೇಡಿ, ಅದು ಕೆಲಸದ ಮಣೆ. ದಾಸ್ತಾನಿಗೆ 1 ಟಿಬಿಯ ಪೋರ್ಟಬಲ್ ಎಸ್‌ಎಸ್‌ಡಿ ತಗೊಳ್ಳಿ. ಹೊರಡುವ ಮೊದಲೇ ಕಂಪ್ಯೂಟರಿನಲ್ಲಿ ಅದನ್ನು ಎಕ್ಸ್‌ಫ್ಯಾಟ್‌ಗೆ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಒಂದು ಪದ್ಧತಿ) ಫಾರ್ಮ್ಯಾಟ್ ಮಾಡಿಟ್ಟುಕೊಳ್ಳಿ. ವಿಂಡೋಸಿನ ಎನ್‌ಟಿಎಫ್‌ಎಸ್ ಇದ್ದರೆ ಐಪ್ಯಾಡ್ ಓದುತ್ತದೆ, ಬರೆಯುವುದಿಲ್ಲ. ಲಾಡ್ಜಿನಲ್ಲಿ ಕೂತಾಗ ಇದು ಗೊತ್ತಾದರೆ ಮಾಡುವುದೇನೂ ಉಳಿಯುವುದಿಲ್ಲ.

ಎರಡು ಕಾರ್ಡಿನ ಜಾಗ ಇರುವುದು ನಿಮಗೆ ದೊಡ್ಡ ಅನುಕೂಲ. ಒಂದನೆಯದಕ್ಕೆ ರಾ, ಎರಡನೆಯದಕ್ಕೆ ಸಣ್ಣ ಅಳತೆಯ ಜೆಪೆಗ್ ಹೋಗುವಂತೆ ಹಾಕಿ. ರಾತ್ರಿ ಜೆಪೆಗ್ ಕಾರ್ಡನ್ನಷ್ಟೇ ಟ್ಯಾಬ್ಲೆಟ್ಟಿಗೆ ಹಾಕಿ ಆರಿಸಿರಿ. ಚಿತ್ರಗಳು ಕ್ಷಣದಲ್ಲಿ ತೆರೆಯುತ್ತವೆ. ಬೇಕಾದ ಇಪ್ಪತ್ತು ಚಿತ್ರಗಳ ಫೈಲ್ ಸಂಖ್ಯೆ ಬರೆದುಕೊಂಡು ಆ 20 ರಾ ಫೈಲುಗಳನ್ನು ಮಾತ್ರ ಎಡಿಟಿಂಗ್ ಆ್ಯಪಿಗೆ ತನ್ನಿ.

ಗದಗಿನಿಂದ ಉತ್ತರ

ರೀಡರ್ ವಿಷಯ ಹೇಳ್ತೀನ್ರಿ. ಮೊದಲ ನಿಮ್ಮ ಐಪ್ಯಾಡ್ ಯಾವುದು ನೋಡ್ಕೊಳ್ರಿ. ಸಾದಾ ಐಪ್ಯಾಡ್ ಹತ್ತನೇ ತಲೆಮಾರಿನದು ಟೈಪ್-ಸಿ ಆದ್ರೂ ಒಳಗ ಯುಎಸ್‌ಬಿ 2.0 ವೇಗನ ಐತಿ. ಸೆಕೆಂಡಿಗೆ 35-40 ಎಂಬಿ ದಾಟೂದಿಲ್ಲ. 30 ಜಿಬಿ ಕಾರ್ಡ್ ಇಳಿಸಾಕ ಹತ್ತತ್ರ ಕಾಲು ತಾಸು. ಏರ್ ನಾಲ್ಕನೇ ತಲೆಮಾರಿನಿಂದ ಈಚೆಗಿನವು, ಟೈಪ್-ಸಿ ಇರೂ ಪ್ರೋ, ಇವು ಭಾಳ ಜೋರದಾವು. ಅಲ್ಲಿ ಅಡ್ಡಿ ಆಗೂದು ಕಾರ್ಡು. ಯುಎಚ್‌ಎಸ್ ಅಂದ್ರ ಕಾರ್ಡಿನ ವೇಗದ ದರ್ಜೆ. ಯುಎಚ್‌ಎಸ್-1 ಕಾರ್ಡಿಗೆ ಸೆಕೆಂಡಿಗೆ 104 ಎಂಬಿ ಮಿತಿ, ಕೈಗೆ 90 ಸಿಕ್ರ ಅದ ಚಲೋ. ಯುಎಚ್‌ಎಸ್-2 ಕಾರ್ಡಿಗೆ ಹಿಂದ ಎರಡನೇ ಸಾಲು ಪಿನ್ ಇರ್ತಾವು. ಅದನ್ನ ಸಾದಾ ರೀಡರಿಗೆ ಹಾಕಿದ್ರ ಹಳೇ ವೇಗನ ಬರ್ತದ. ಸಾದಾ ಐಪ್ಯಾಡ್ ಇದ್ರ ತುಟ್ಟಿ ರೀಡರಿಗೆ ರೊಕ್ಕ ಹಾಕಬ್ಯಾಡ್ರಿ.

ಚಾರ್ಜಿಂಗ್ ಕೇಬಲ್ಲಿಂದ ಎಸ್‌ಎಸ್‌ಡಿ ಹಚ್ಚಬ್ಯಾಡ್ರಿ. ಐಪ್ಯಾಡಿನ ಕೂಡ ಬರೂ ವಯರ್ ಚಾರ್ಜಿಗೆ ಅಂತ ಮಾಡಿದ್ದು, ಡೇಟಾ 2.0 ವೇಗದಾಗ ಹೋಗ್ತದ. ಎಸ್‌ಎಸ್‌ಡಿ ಡಬ್ಬಿಯೊಳಗಿನ ಗಿಡ್ಡ ವಯರ್ ಬಳಸ್ರಿ.

ಎಸ್‌ಡಿ ಕಿಂಡಿ, ಯುಎಸ್‌ಬಿ ಕಿಂಡಿ, ಚಾರ್ಜರ್ ಹಚ್ಚಾಕ ಪಿಡಿ ಕಿಂಡಿ, ಮೂರೂ ಇರೂ ಟೈಪ್-ಸಿ ಹಬ್ ತಗೋರಿ. ಕಾರ್ಡು, ಎಸ್‌ಎಸ್‌ಡಿ ಎರಡೂ ಒಮ್ಮೆಲೆ ಹಚ್ಚಿದಾಗ ಹೆಚ್ಚು ಕರೆಂಟ್ ಬೇಕು ಅಂತ ಐಪ್ಯಾಡ್ ತಕರಾರು ತಗದ್ರ ಚಾರ್ಜರ್ ಬೇಕಾಗ್ತದ. 30 ವ್ಯಾಟಿಗಿಂತ ಕಡಿಮಿ ಬ್ಯಾಡ. ಒಂದು ಮಾತು ಗಟ್ಟಿ ನೆನಪಿಡ್ರಿ: ಚಾರ್ಜರ್ ಮೊದಲ ಹಚ್ರಿ, ಆಮ್ಯಾಲ ಕಾಪಿ ಸುರು ಮಾಡ್ರಿ, ಮುಗಿಯೂತನಕ ಚಾರ್ಜರ್ ಮುಟ್ಟಬ್ಯಾಡ್ರಿ. ನಡುವ ಚಾರ್ಜರ್ ಹಚ್ಚಿದ್ರ ಇಲ್ಲಾ ಕಿತ್ತಿದ್ರ, ಇಲ್ಲಾ ಕರೆಂಟ್ ಹೋದ್ರ, ಭಾಳಷ್ಟು ಹಬ್ ಒಂದ ಕ್ಷಣ ಎಲ್ಲಾ ಕಡದು ಮತ್ತ ಕೂಡಸ್ತಾವು. ಆ ಕ್ಷಣದಾಗ ಬರಿಯಾಕತ್ತಿದ್ದ ಫೈಲ್ ಅರ್ಧಕ್ಕ ನಿಂತಿರ್ತದ. ಕರೆಂಟಿನ ಭರವಸೆ ಇಲ್ಲದ ಊರಾಗ ಗೋಡೆ ಪ್ಲಗ್ಗಿಗಿಂತ ಪವರ್‌ಬ್ಯಾಂಕ್ ಹಚ್ಚೂದ ಚಲೋ. 20,000 ಎಂಎಎಚ್ ಅಂದ್ರ 74 ವ್ಯಾಟ್-ತಾಸು. ಸೋರಿಕೆ ಕಳದು 11 ಇಂಚಿನ ಐಪ್ಯಾಡಿಗೆ ಎರಡು ಸಲಕ್ಕಿಂತ ಸ್ವಲ್ಪ ಕಡಿಮಿ ಚಾರ್ಜ್ ಸಿಗ್ತದ.

ಕೇಳಿದವರ ತಮ್ಮ

ನನ್ನ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿಗೆ ಕಾರ್ಡ್ ಹಾಕಿದರೆ 'ಈ ಸಾಧನ ಬೆಂಬಲಿತವಲ್ಲ, ಫಾರ್ಮ್ಯಾಟ್ ಮಾಡಿ' ಎನ್ನುತ್ತಿದೆ. ಒತ್ತಲೇ?

ರಾಣೆಬೆನ್ನೂರಿನಿಂದ ಉತ್ತರ

ಒತ್ತಬೇಡ ತಮ್ಮಾ, ಕಾರ್ಡ್ ತೆಗೆದುಬಿಡು. 64 ಜಿಬಿ ಮತ್ತು ಮೇಲಿನ ಕಾರ್ಡುಗಳನ್ನು ಕ್ಯಾಮೆರಾ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡುತ್ತದೆ. ಕೆಲವು ಹಳೆಯ ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಿಗೆ ಅದು ಓದಲು ಬರುವುದಿಲ್ಲ. ಕಾರ್ಡ್ ಕೆಟ್ಟಿಲ್ಲ, ಒಳಗಿನ ಚಿತ್ರಗಳೂ ಇವೆ. 32 ಜಿಬಿ ಕಾರ್ಡು ಎಫ್‌ಎಟಿ-32 ಆಗಿರುವುದರಿಂದ ಅದು ಓದಿಸಿಕೊಳ್ಳುತ್ತದೆ, ಹಾಕಿ ನೋಡು. ರೀಡರ್ ಹಾಕಿದರೂ ಏನೂ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಓಟಿಜಿ ಎಂಬ ಸ್ವಿಚ್ ಇದೆಯೇ ಹುಡುಕು. ಕೆಲವು ಕಂಪನಿಯವುಗಳಲ್ಲಿ ಅದನ್ನು ಕೈಯಾರೆ ಹಾಕಬೇಕು, ಸುಮ್ಮನೆ ಬಿಟ್ಟರೆ ಹತ್ತು ನಿಮಿಷಕ್ಕೆ ತಾನೇ ಆರುತ್ತದೆ.

ಈಗ ಅಣ್ಣಾವರಿಗೆ, ಐಪ್ಯಾಡಿನಲ್ಲಿ ಇಳಿಸುವ ಕ್ರಮ. ಫೋಟೋಸ್ ಆ್ಯಪಿನಲ್ಲಿ 'ಇಂಪೋರ್ಟ್' ಒತ್ತಿದರೆ ಎಲ್ಲವೂ ಐಪ್ಯಾಡಿನೊಳಗೇ ಬಂದು ಬೀಳುತ್ತವೆ. ಅದು ಬೇಡ. ಫೈಲ್ಸ್ ಆ್ಯಪ್ ತೆರೆಯಿರಿ. ಎಡಗಡೆ ಕಾರ್ಡು, ಎಸ್‌ಎಸ್‌ಡಿ ಎರಡೂ ಕಾಣಬೇಕು. ಎಸ್‌ಎಸ್‌ಡಿಯಲ್ಲಿ ದಿನಕ್ಕೊಂದು ಫೋಲ್ಡರ್ ಮಾಡಿ, ಹೆಸರಿನಲ್ಲಿ ಮೊದಲು ತಾರೀಖು, ಆಮೇಲೆ ಊರು, ಆಮೇಲೆ ಕಾರ್ಡಿನ ನಂಬರು. ಕಾರ್ಡಿನಲ್ಲಿ ಚಿತ್ರಗಳಿರುವ ಡಿಸಿಐಎಂ ಒಳಗಿನ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿ. 'ಮೂವ್' ಎಂದಿಗೂ ಬೇಡ. ಆಟೋ-ಲಾಕ್ 'ನೆವರ್' ಇರಲಿ, ಫೈಲ್ಸ್ ಆ್ಯಪ್ ಪರದೆಯ ಮೇಲೇ ಇರಲಿ. ಪ್ರಗತಿ ತೋರಿಸುವ ಗುರುತು ಮುಗಿದ ಮೇಲೂ ಅರ್ಧ ನಿಮಿಷ ತಡೆದು ವಯರ್ ಕೀಳಿರಿ.

ಕಾಪಿ ಸರಿಯಾಗಿದೆಯೇ ಎಂಬುದನ್ನು ಥಂಬ್‌ನೇಲ್ ನೋಡಿ ತೀರ್ಮಾನಿಸಬೇಡಿ. ಇದೇ ಹೆಚ್ಚು ಜನ ಎಡವುವ ಜಾಗ. ರಾ ಫೈಲಿನೊಳಗೆ ಒಂದು ಜೆಪೆಗ್ ಅಡಗಿರುತ್ತದೆ, ಸಾಮಾನ್ಯವಾಗಿ ಫೈಲಿನ ಆರಂಭದ ಭಾಗದಲ್ಲೇ. ಫೈಲು ಅರ್ಧಕ್ಕೆ ತುಂಡಾಗಿದ್ದರೂ ಅದು ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ಪೂರ್ತಿ ತೆರೆದಾಗ ಕೆಳಗಿನ ಅರ್ಧ ಬೂದು ಅಥವಾ ಗುಲಾಬಿ ಪಟ್ಟಿ. ಆದ್ದರಿಂದ ಎರಡೂ ಫೋಲ್ಡರಿನ ಮೇಲೆ ಬೆರಳು ಒತ್ತಿ ಹಿಡಿದು 'ಗೆಟ್ ಇನ್ಫೋ' ತೆಗೆಯಿರಿ. ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಎರಡೂ ತಾಳೆಯಾಗಬೇಕು. ಜೊತೆಗೆ ಮೊದಲನೆಯದು, ನಡುವಿನದು, ಕೊನೆಯದು, ಮೂರನ್ನು ಎಡಿಟಿಂಗ್ ಆ್ಯಪಿನಲ್ಲಿ ತೆರೆದು ಪೂರ್ತಿ ದೊಡ್ಡದು ಮಾಡಿ ನೋಡಿ.

ನಮ್ಮ ಎರಿ ಭೂಮಿಯ ಧೂಳು ಕಾರ್ಡಿನ ಪಿನ್ನಿಗೆ ಕೂತರೆ ರೀಡರ್ ಹಾಕಿದೊಡನೆ ಕಾರ್ಡು ಮಾಯವಾಗುತ್ತದೆ, ಮತ್ತೆ ಬರುತ್ತದೆ. ರೀಡರನ್ನು ಜಿಪ್ ಚೀಲದಲ್ಲಿ ಇಡಿ, ಹಾಕುವ ಮುನ್ನ ಗಾಳಿ ಬುರುಡೆಯಿಂದ ಊದಿ. ಬಾಯಿಂದ ಊದಿದರೆ ಎಂಜಲು ಹನಿ ಬೀಳುತ್ತದೆ. ಡಿಸೆಂಬರಿನಲ್ಲಿ ಬಿಸಿಲಿನ ಕಾಟ ಅಷ್ಟಿಲ್ಲ, ಆದರೂ ಮುಚ್ಚಿದ ಕಾರಿನಲ್ಲಿ ಐಪ್ಯಾಡ್ ಬಿಡಬೇಡಿ. ಅದಕ್ಕೆ ಹೇಳಿದ ಮಿತಿ 35 ಡಿಗ್ರಿ. ಕಾದರೆ ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ.

ಧಾರವಾಡದಿಂದ ಇನ್ನೊಬ್ಬರು, ತಿದ್ದುವ ಬಗ್ಗೆ

ಆ್ಯಪ್ ವಿಷಯ ಚಿಕ್ಕದು. ಲೈಟ್‌ರೂಮ್ ಎರಡೂ ಟ್ಯಾಬ್ಲೆಟ್ಟಿನಲ್ಲಿ ಇದೆ, ಆದರೆ ಅದರಲ್ಲಿ ರಾ ತಿದ್ದಲು ಚಂದಾ ಬೇಕು. ಐಪ್ಯಾಡಿಗೆ ಅಫಿನಿಟಿ ಫೋಟೋ, ಡಾರ್ಕ್‌ರೂಮ್ ಕೂಡ ಇವೆ. ಆಂಡ್ರಾಯ್ಡಿನ ಸ್ನ್ಯಾಪ್‌ಸೀಡ್ ಡಿಎನ್‌ಜಿ ಎಂಬ ಬಗೆಯ ರಾ ಮಾತ್ರ ತೆರೆಯುತ್ತದೆ, ನಿಮ್ಮ ಕ್ಯಾಮೆರಾದ ಫೈಲನ್ನಲ್ಲ. ಯಾವುದೇ ಇರಲಿ, ಮನೆಯಲ್ಲೇ ಒಂದು ರಾ ತೆರೆದು ನೋಡಿಕೊಂಡು ಹೊರಡಿ. ಹೊಸ ಕ್ಯಾಮೆರಾಗಳ ಫೈಲು ಹಳೆಯ ಆವೃತ್ತಿಗೆ ಅರ್ಥವಾಗುವುದಿಲ್ಲ.

ತಿದ್ದುವ ಮುನ್ನ ಪರದೆ ಹದ ಮಾಡಿ. ಟ್ರೂ ಟೋನ್, ನೈಟ್ ಶಿಫ್ಟ್, ತಾನೇ ಬೆಳಕು ಹೊಂದಿಸುವ ಆಯ್ಕೆ, ಮೂರೂ ಬಂದ್. ಬೆಳಕು ಅರ್ಧದ ಆಸುಪಾಸು. ಆಂಡ್ರಾಯ್ಡಿನಲ್ಲಿ ಪರದೆ 'ವಿವಿಡ್' ಇದ್ದರೆ 'ನ್ಯಾಚುರಲ್'ಗೆ ತಿರುಗಿಸಿ. ಬಿಸಿಲಿನಲ್ಲಿ ಕೂತು ತಿದ್ದಿದರೆ ಚಿತ್ರ ಕಪ್ಪೆನಿಸಿ ಹೆಚ್ಚು ಬೆಳಗಿಸುತ್ತೀರಿ. ಕಣ್ಣಿಗಿಂತ ಹಿಸ್ಟೋಗ್ರಾಮನ್ನು (ಚಿತ್ರದಲ್ಲಿ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಂಬಿರಿ.

ಲಕ್ಕುಂಡಿಯ ಕಾಶಿವಿಶ್ವೇಶ್ವರ, ಡಂಬಳದ ದೊಡ್ಡಬಸಪ್ಪ ಗುಡಿಗಳ ಬಳಪದ ಕಲ್ಲು ಹಸಿರು ಮಿಶ್ರಿತ ಬೂದು. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಒಂದೊಂದು ಚಿತ್ರಕ್ಕೆ ಒಂದೊಂದು ಬಣ್ಣ ಕೊಡುತ್ತದೆ. ಒಂದು ಚಿತ್ರದಲ್ಲಿ ಬಣ್ಣ ಸರಿಮಾಡಿ, ಅದೇ ಬೆಳಕಿನ ಉಳಿದೆಲ್ಲಕ್ಕೂ ಅದನ್ನೇ ಪೇಸ್ಟ್ ಮಾಡಿ. ಆಕಾಶ ಉಳಿಸಿಕೊಂಡು ತೆಗೆದಿದ್ದರೆ ಹೈಲೈಟ್ಸ್ ಮೈನಸ್ 60, ಶ್ಯಾಡೋಸ್ ಪ್ಲಸ್ 30ರಿಂದ ಶುರು ಮಾಡಿ. ನೆರಳನ್ನು ಪ್ಲಸ್ 60 ದಾಟಿಸಬೇಡಿ. ಆ ಕೆತ್ತನೆಗೆ ಆಳ ಬಂದಿರುವುದೇ ನೆರಳಿನಿಂದ, ಅದನ್ನು ಪೂರ್ತಿ ಎತ್ತಿದರೆ ಕಲ್ಲಿನ ಹೂಬಳ್ಳಿ ಕಾಗದದ ಮೇಲಿನ ಗೆರೆಯಾಗಿಬಿಡುತ್ತದೆ. ಟೆಕ್ಸ್ಚರ್ 15-20 ಸಾಕು. ಕಂಬಗಳನ್ನು ನೆಟ್ಟಗೆ ಮಾಡುವಾಗ ಅಂಚು ಕತ್ತರಿಸಿ ಹೋಗುತ್ತದೆ, ತೆಗೆಯುವಾಗಲೇ ಸುತ್ತ ಜಾಗ ಬಿಡಿ.

ಮಾಗಡಿಯ ಪಟ್ಟೆತಲೆ ಹೆಬ್ಬಾತಿನ ಬಿಳಿ ತಲೆ ಬೆಳಗಿನ ಬಿಸಿಲಿಗೆ ಬೇಗ ಸುಟ್ಟುಹೋಗುತ್ತದೆ. ತೆಗೆಯುವಾಗ ಎಕ್ಸ್‌ಪೋಷರ್ ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ. ಪೂರ್ತಿ ಬಿಳಿಯಾದದ್ದನ್ನು ರಾ ಕೂಡ ಮರಳಿ ಕೊಡುವುದಿಲ್ಲ. ಬಂಕಾಪುರದ ನವಿಲಿನ ಕೊರಳಿನದು ಬೇರೆ ಸಮಸ್ಯೆ: ಆ ನೀಲಿ ಏರ್, ಪ್ರೋ ಐಪ್ಯಾಡಿನ ಅಗಲ ಬಣ್ಣದ ಪರದೆಯಲ್ಲಿ ಸೊಗಸಾಗಿ ಕಂಡು, ಎಸ್‌ಆರ್‌ಜಿಬಿಗೆ (ಸಾಮಾನ್ಯ ಪರದೆಗಳ ಬಣ್ಣದ ವ್ಯಾಪ್ತಿ) ಇಳಿಸಿದಾಗ ಗರಿಯ ಎಳೆಗಳೇ ಮುಚ್ಚಿಹೋಗುತ್ತವೆ. ಇಡೀ ಚಿತ್ರದ ಸ್ಯಾಚುರೇಷನ್ ಮುಟ್ಟಬೇಡಿ, ನೀಲಿಯದೊಂದನ್ನೇ ಮೈನಸ್ 10-15 ಮಾಡಿ. ಕಳಿಸಲು ಉದ್ದ ಬದಿ 2048 ಪಿಕ್ಸೆಲ್, ಎಸ್‌ಆರ್‌ಜಿಬಿ ಜೆಪೆಗ್. ವಾಟ್ಸಾಪಿನಲ್ಲಿ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ.

ಹಾವೇರಿಯಿಂದ ಉತ್ತರ

ವೈಫೈ ಬಗ್ಗೆ. ಲೈಟ್‌ರೂಮಿಗೆ ಸೇರಿಸಿದ ಪ್ರತಿ ರಾ ಕ್ಲೌಡಿಗೂ ಏರಲು ಹೊರಡುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ಸಿಕ್ಕರೆ 20 ಫೈಲು ಕಾಲು ತಾಸು, 30 ಜಿಬಿಯ ಕಾರ್ಡು 13 ತಾಸು. ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಮೊಬೈಲ್ ಡೇಟಾ ಬಳಕೆ ಬಂದ್ ಮಾಡಿ, ಇಲ್ಲದಿದ್ದರೆ ದಿನದ ಡೇಟಾ ಬೆಳಿಗ್ಗೆಯೇ ಖಾಲಿ. ಕ್ಯಾಮೆರಾದಿಂದ ಬ್ಲೂಟೂತ್, ವೈಫೈ ಮೂಲಕ ತಾನಾಗಿ ಬರುವ ಚಿತ್ರಗಳು ಹಲವು ಆ್ಯಪ್‌ಗಳಲ್ಲಿ ಕುಗ್ಗಿಸಿದ ಜೆಪೆಗ್, ನಿಕಾನಿನಲ್ಲಿ 2 ಮೆಗಾಪಿಕ್ಸೆಲ್‌ನದು. ಅದನ್ನು ಬ್ಯಾಕಪ್ ಎಂದು ಎಣಿಸಬೇಡಿ.

ಕೇಳಿದವರು

ಎಲ್ಲರಿಗೂ ಶರಣು. ಹಬ್, 1 ಟಿಬಿ ಎಸ್‌ಎಸ್‌ಡಿ ಬರೆದುಕೊಂಡೆ. ಕೊನೆಯದೊಂದು: ಎಸ್‌ಎಸ್‌ಡಿಗೆ ಹೋದ ಮೇಲೆ ಕಾರ್ಡ್ ಅಳಿಸಬಹುದೇ?

ರಾಣೆಬೆನ್ನೂರಿನಿಂದ

ಅಳಿಸಬೇಡ್ರಿ. ಎಸ್‌ಎಸ್‌ಡಿ ಒಂದೇ ಉಳಿದರೆ ಅದು ಬ್ಯಾಕಪ್ ಅಲ್ಲ, ಇರುವ ಒಂದೇ ಪ್ರತಿ. 64 ಜಿಬಿಯ ಎರಡು ಕಾರ್ಡಿನಲ್ಲಿ ನಿಜವಾಗಿ ಸಿಗುವುದು 119 ಜಿಬಿ. ನಿಮ್ಮ 100 ಜಿಬಿಗೆ ಅದು ತೀರಾ ಬಿಗಿ. ರಾ ಸಲುವಾಗಿ ಇನ್ನೊಂದು 64, ಜೆಪೆಗ್ ಸಲುವಾಗಿ ಒಂದು 32 ಕೊಳ್ಳಿರಿ. ತುಂಬಿದ ಕಾರ್ಡಿನ ಬದಿಯ ಲಾಕ್ ಕೆಳಗೆ ಸರಿಸಿ ನಿಮ್ಮ ಜೇಬಿನಲ್ಲಿರಲಿ, ಎಸ್‌ಎಸ್‌ಡಿ ತಮ್ಮನ ಚೀಲದಲ್ಲಿರಲಿ. ಮನೆಗೆ ಬಂದು ಕಂಪ್ಯೂಟರಿಗೆ ಇಳಿಸಿ ತಾಳೆ ನೋಡಿದ ಮೇಲೆ, ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿರಿ.