‘ಕ್ರಿಯೆಗಳಿಲ್ಲದ ನಂಬಿಕೆ’: ಇಲ್ಲಿ ಕ್ರಿಯೆಗೆ ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಬೆಟಗೇರಿಯಲ್ಲಿ ಭಾನುವಾರ ಚರ್ಚಿನ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತೇನೆ. ಹೋದ ವಾರ ಯಾಕೋಬನ ಪತ್ರಿಕೆಯ (ಹೊಸ ಒಡಂಬಡಿಕೆಯಲ್ಲಿರುವ ಒಂದು ಪತ್ರ) 2ನೇ ಅಧ್ಯಾಯ ಓದಿಸಿದೆ. ಆತ್ಮವಿಲ್ಲದ ದೇಹ ಹೇಗೆ ಸತ್ತದ್ದೋ ಹಾಗೆ ಕ್ರಿಯೆಗಳಿಲ್ಲದ ನಂಬಿಕೆಯೂ ಸತ್ತದ್ದು ಅನ್ನುವ ಮಾತು ಬಂತು. ಆರನೇ ಇಯತ್ತೆಯ ಹುಡುಗನೊಬ್ಬ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದ: ‘ಟೀಚರ್, ಕ್ರಿಯಾ ಅಂದ್ರ ಸತ್ತ ಮ್ಯಾಲೆ ಮಾಡೂದಲ್ಲೇನ್ರಿ?’

ಅವನದು ತಪ್ಪಲ್ಲ. ನಮ್ಮ ಕಡೆ ಕ್ರಿಯಾ ಅಂದರೆ ಕ್ರಿಯಾಕರ್ಮ. ಮಠದ ಸ್ವಾಮಿಗಳು ಲಿಂಗೈಕ್ಯರಾದರೆ ಪೇಪರಿನಲ್ಲಿ ‘ಕ್ರಿಯಾ ಸಮಾಧಿ’ ಅಂತಲೇ ಬರುತ್ತದೆ. ಪಕ್ಕದಲ್ಲೇ ‘ಸತ್ತದ್ದು’ ಬೇರೆ ಇದೆ. ಮಗುವಿನ ಮನಸ್ಸು ಮತ್ತೆಲ್ಲಿಗೆ ಹೋಗಬೇಕು?

ಯಾಕೋಬ ಹೇಳುವುದು ದಿನದ ಸಂಗತಿ. ಉಡಲು ಬಟ್ಟೆ ಇಲ್ಲದವರು, ಅವತ್ತಿನ ಊಟಕ್ಕಿಲ್ಲದವರು ಎದುರು ನಿಂತಾಗ ‘ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ’ ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಅಂತ ಕೇಳುತ್ತಾನೆ. ಗ್ರೀಕ್ ಮೂಲದಲ್ಲಿರುವುದು ‘ಎರ್ಗ’. ಸುಮ್ನೆ ಕೆಲಸ ಅಂತ ಅರ್ಥ. ತೊಡಕು ಏನಂದರೆ ಹೊಸ ಒಡಂಬಡಿಕೆಯಲ್ಲೇ ಬೇರೆ ಪತ್ರಗಳನ್ನು ಬರೆದ ಪೌಲನೂ ಇದೇ ಮಾತು ಬಳಸುತ್ತಾನೆ. ಮನುಷ್ಯ ದೇವರ ಮುಂದೆ ನೀತಿವಂತ ಅನ್ನಿಸಿಕೊಳ್ಳುವುದು ಮೋಶೆಯ ಧರ್ಮಶಾಸ್ತ್ರದ ಎರ್ಗಗಳಿಂದಲ್ಲ, ನಂಬಿಕೆಯಿಂದ ಅನ್ನುತ್ತಾನೆ (ರೋಮಾ 3:28). 1522ರ ಜರ್ಮನ್ ಅನುವಾದದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಅಲ್ಲಿಗೆ ‘ಮಾತ್ರ’ ಅಂತ ಸೇರಿಸಿದರು. ಮೂಲದಲ್ಲಿ ‘ನಂಬಿಕೆ ಮಾತ್ರದಿಂದ’ ಅನ್ನುವುದು ಬರುವುದು ಒಂದೇ ಕಡೆ, ಯಾಕೋಬ 2:24ರಲ್ಲಿ. ಅದೂ ‘ಅಲ್ಲ’ ಅನ್ನಲಿಕ್ಕೆ!

ಧಾರವಾಡದ ಗೆಳೆಯರೊಬ್ಬರು ಕಾಯಕ ಅನ್ನಿ ಅಂದರು. ಮಾತು ಚೆಂದ. ಆದರೆ ಶರಣರು ಅದಕ್ಕೆ ತುಂಬಿದ ಅರ್ಥ ಅವರದೇ. ಅದನ್ನು ಎತ್ತಿ ತಂದು ಇಲ್ಲಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ‘ಕೆಲಸ’ ಅಂದರೆ ಮಕ್ಕಳು ನೌಕರಿ ಅಂದುಕೊಳ್ಳುತ್ತಾರೆ. ‘ನಡತೆ’ಯಲ್ಲಿ ಹಸಿದವನ ಕೈಗಿಟ್ಟ ರೊಟ್ಟಿ ಕಾಣುವುದಿಲ್ಲ.

ಇನ್ನು ನಂಬಿಕೆ. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಬೆಟಗೇರಿಗೆ 1841ರಲ್ಲಿ. ಆ ಕಡೆಯಿಂದ ಬಂದ ನಾವು ಪ್ರೊಟೆಸ್ಟಂಟರು ‘ನಂಬಿಕೆ’ ಅನ್ನುತ್ತೇವೆ. ಕ್ಯಾಥೋಲಿಕರು ಜಾಸ್ತಿ ‘ವಿಶ್ವಾಸ’ ಅನ್ನುತ್ತಾರೆ. ನನಗೆ ಇವೆರಡಕ್ಕಿಂತ ಹತ್ತಿರದ್ದು ‘ನಂಬಿಗಸ್ತ’. ನಮ್ಮ ಓಣಿಯಲ್ಲಿ ‘ಅಂವ ಭಾಳ ನಂಬಿಗಸ್ತ’ ಅಂದರೆ ದೇವರನ್ನು ಜಾಸ್ತಿ ನಂಬುವವನು ಅಂತಲ್ಲ. ಅವನ ಕೈಗೆ ರೊಕ್ಕ ಎಣಿಸದೆ ಕೊಡಬಹುದು ಅಂತ. ಗ್ರೀಕಿನಲ್ಲೂ ನಂಬಿಕೆ ‘ಪಿಸ್ತಿಸ್’, ನಂಬಿಗಸ್ತ ‘ಪಿಸ್ತೊಸ್’. ಒಂದೇ ಬೇರು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯೊಳಗೆ ಯಜಮಾನ ಲೆಕ್ಕ ಕೇಳಿ ಆಳನ್ನು ನಂಬಿಗಸ್ತ ಅನ್ನುತ್ತಾನೆ. ಅದೇ ಅಧ್ಯಾಯದ ಕೊನೆಗೆ ನ್ಯಾಯತೀರ್ಪು. ಅರಸ ಜನರನ್ನು ಕುರಿ, ಆಡುಗಳ ಹಾಗೆ ಬೇರೆ ಮಾಡುತ್ತಾನೆ: ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ‘ನಾನು ಹಸಿದಿದ್ದೆ, ಉಣ್ಣಲು ಕೊಟ್ಟಿರಿ’ ಅಂತ ಅರಸ ಹೇಳಿದರೆ, ಬಲಗಡೆಯವರು ‘ನಾವು ಯಾವಾಗ ಕೊಟ್ಟೆವು?’ ಅಂತ ಕೇಳುತ್ತಾರೆ. ಈ ಜಾಗ ಓದುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ. ಅವರು ಲೆಕ್ಕ ಇಟ್ಟುಕೊಂಡು ಕೊಟ್ಟವರಲ್ಲ. ನಂಬಿಕೆ ಒಂದು ತಕ್ಕಡಿಯಲ್ಲಿ, ಕ್ರಿಯೆ ಇನ್ನೊಂದರಲ್ಲಿ ಅಂತ ಬೇರೆ ಮಾಡಲು ‘ನಂಬಿಗಸ್ತ’ ಅನ್ನುವ ಮಾತು ಬಿಡುವುದಿಲ್ಲ, ಅಲ್ವಾ?

ಹಾವೇರಿ, ರಾಣೆಬೆನ್ನೂರು ಕಡೆಯವರು ಹೇಳಿ, ನಿಮ್ಮ ಮನೆಮಾತಿನಲ್ಲಿ ನಂಬಿಗಸ್ತ ಇನ್ನೂ ಇದೆಯಾ? ಹೆಂಗಸರಿಗೂ ಅನ್ನುತ್ತೀರಾ? ಮತ್ತೆ ಆ ಕ್ರಿಯೆಗೆ ಏನನ್ನಲಿ? ಬರುವ ಭಾನುವಾರ ಹುಡುಗ ಮತ್ತೆ ಕೇಳುತ್ತಾನೆ.