ಎಸ್‌ಎಸ್ 304ರಲ್ಲಿ (ಸ್ಟೇನ್‌ಲೆಸ್ ಸ್ಟೀಲ್) ಎಂ8 ಟ್ಯಾಪ್ (ಹೋಲ್ ಒಳಗೆ ಥ್ರೆಡ್ ಕೊರೆಯುವ ಟೂಲ್) ಮುರಿಯುತ್ತಿದೆ, ಸ್ಪೀಡ್ ಇಳಿಸಿದರೆ ಇನ್ನೂ ಬೇಗ ಮುರಿಯಿತು!

ಹೊಸ ಸೆಟ್ಟರ್:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಶಾಪ್‌ನಲ್ಲಿ ವಿಎಂಸಿ (ಪ್ರೋಗ್ರಾಂ ಮೇಲೆ ಓಡುವ ಮಿಲ್ಲಿಂಗ್ ಮೆಷಿನ್) ನೋಡಿಕೊಳ್ಳುತ್ತೇನೆ, ಸೆಟ್ಟಿಂಗ್ ಕೈಗೆ ಬಂದು ನಾಲ್ಕು ತಿಂಗಳಾಯಿತು ಅಷ್ಟೆ. ಫಾನಕ್ ಕಂಟ್ರೋಲ್. ಜಾಬ್ ಎಸ್‌ಎಸ್ 304 ಫ್ಲ್ಯಾಂಜ್, 12 ಬ್ಲೈಂಡ್ ಹೋಲ್ (ಆಚೆ ಬದಿಗೆ ತೂರದವು), ಎಂ8 ಅಂದರೆ 8 ಎಂಎಂ ಥ್ರೆಡ್, ಪಿಚ್ (ಒಂದು ಸುತ್ತಿಗೆ ಥ್ರೆಡ್ ಸಾಗುವ ದೂರ) 1.25. ಡ್ರಿಲ್ 6.8, ಆಳ 20. ಥ್ರೆಡ್ 15 ಬೇಕು, ಅದಕ್ಕೆ ಟ್ಯಾಪ್ ಝಡ್ ಮೈನಸ್ 19ರವರೆಗೆ ಇಳಿಸಿದ್ದೇನೆ. ಟ್ಯಾಪ್ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಗನ್ ಟ್ಯಾಪ್, ಎಂಎಸ್ (ಮೈಲ್ಡ್ ಸ್ಟೀಲ್) ಜಾಬ್‌ನಲ್ಲಿ ಚೆನ್ನಾಗಿ ಓಡಿದ್ದೇ ಇದು.

ಮೊದಲು ಎಂ29 (ರಿಜಿಡ್ ಟ್ಯಾಪಿಂಗ್ ಕೋಡ್) ಎಸ್400 ಅಂದರೆ ನಿಮಿಷಕ್ಕೆ 400 ಸುತ್ತು, ಜಿ84ರಲ್ಲಿ (ಟ್ಯಾಪಿಂಗ್ ಸೈಕಲ್) ಎಫ್500 ಅಂದರೆ ಫೀಡ್ ನಿಮಿಷಕ್ಕೆ 500 ಎಂಎಂ ಕೊಟ್ಟೆ. ಮೂರು ಹೋಲ್ ಆಯಿತು, ನಾಲ್ಕನೆಯದರಲ್ಲಿ ಟಕ್ ಅಂತ ಮುರಿಯಿತು. ಎಸ್‌ಎಸ್ ಅಲ್ವಾ, ನಿಧಾನ ಮಾಡೋಣ ಅಂತ ಎಸ್200 ಮಾಡಿದರೆ ಹೊಸ ಟ್ಯಾಪ್ ಮೊದಲ ಹೋಲ್‌ಗೆ ಬಾಯಿಟ್ಟ ತಕ್ಷಣ ಹೋಯಿತು. ಭಯಕ್ಕೆ ಫೀಡ್ ಓವರ್‌ರೈಡ್ (ಫೀಡ್ ಶೇಕಡಾವಾರು ಏರಿಳಿಸುವ ನಾಬ್) 50ಕ್ಕೆ ತಿರುಗಿಸಿಟ್ಟಿದ್ದೆ, ಮೆಷಿನ್ ಅದನ್ನು ಕೇಳಲೇ ಇಲ್ಲ. ಎಫ್ ಎಷ್ಟು ಇಡಬೇಕು ಸಾರ್?

ಹಳೇ ಫಿಟ್ಟರ್:
ಎಸ್ ಇಳಿಸಿದೆ ಸರಿ, ಎಫ್ ಮುಟ್ಟಿದೆಯಾ? 500 ಹಾಗೇ ಬಿಟ್ಟಿದ್ದೀಯ ಅನ್ನಿಸುತ್ತೆ. 500ನ್ನು 200ರಿಂದ ಭಾಗಿಸು, 2.5 ಬರುತ್ತೆ. ಪಿಚ್ 1.25 ಇರುವ ಟ್ಯಾಪನ್ನು ಒಂದು ಸುತ್ತಿಗೆ 2.5 ಎಂಎಂ ಕೆಳಗೆ ತಳ್ಳಿದ್ದೀಯ ಕಣಪ್ಪ, ಮುರಿಯದೆ ಇನ್ನೇನು ಮಾಡುತ್ತೆ!

ಟ್ಯಾಪಿಂಗ್‌ನಲ್ಲಿ ಫೀಡ್ ನಮ್ಮಿಷ್ಟ ಅಲ್ಲ. ಆರ್‌ಪಿಎಂ ಗುಣಿಸು ಪಿಚ್, ಅಷ್ಟೇ. ಓವರ್‌ರೈಡ್ ಕೇಳದೇ ಇರೋದೂ ಅದಕ್ಕೇ, ಜಿ84 ಓಡುವಾಗ ಕಂಟ್ರೋಲ್ ಅದನ್ನು 100ಕ್ಕೇ ಹಿಡಿದಿಡುತ್ತೆ. ಸ್ಪೀಡ್ ಮಾತ್ರ ನಿನ್ನ ಕೈಯಲ್ಲಿದೆ: 304ಕ್ಕೆ ಎಚ್‌ಎಸ್‌ಎಸ್ ಅಂದರೆ ನಾನು ನಿಮಿಷಕ್ಕೆ 5 ಮೀಟರ್ ಹಿಡಿಯುತ್ತೇನೆ. 5000ನ್ನು 3.14 ಗುಣಿಸು 8ರಿಂದ ಭಾಗಿಸಿದರೆ ಹತ್ತಿರ ಹತ್ತಿರ 200. ಅಂದರೆ ಎಸ್200 ಎಫ್250. ಎಸ್400 ಅಂದರೆ 10 ಮೀಟರ್, ಅದು ಎಂಎಸ್‌ಗೆ ಸರಿ.

ಬೆಳಗಾವಿ ಮಿಲ್ಲಿಂಗ್:
ಮೇಲಿನವರ ಲೆಕ್ಕ ಸರಿ. ಆದರೆ ಮೊದಲ ಟ್ಯಾಪ್ ಮುರಿದಾಗ ಎಫ್ ಸರಿಯಾಗೇ ಇತ್ತಲ್ಲ, 400ಕ್ಕೆ 500. ನನಗೆ ಡೌಟ್ ಗನ್ ಟ್ಯಾಪ್ ಮೇಲೆ. ಅದು ಚಿಪ್ಸನ್ನು ಮುಂದಕ್ಕೆ ತಳ್ಳುತ್ತೆ, ಥ್ರೂ ಹೋಲ್‌ಗೆ ಮಾಡಿದ್ದು. ನಿಮ್ಮ ಹೋಲ್‌ನಲ್ಲಿ ಕೆಳಗೆ ಉಳಿದಿರೋದು ಒಂದೇ ಎಂಎಂ, ಚಿಪ್ಸ್ ಎಲ್ಲಿ ಹೋಗಬೇಕು? ಸ್ಪೈರಲ್ ಫ್ಲೂಟ್ ಟ್ಯಾಪ್ ಹಾಕಿ, ಅದು ಮೇಲಕ್ಕೆ ಎಳೆದು ತರುತ್ತೆ. ಜಾಬ್‌ನಲ್ಲಿ ದಪ್ಪ ಇದ್ದರೆ, ಡ್ರಾಯಿಂಗ್ ಒಪ್ಪಿದರೆ, ಡ್ರಿಲ್ 23ಕ್ಕೆ ಇಳಿಸಿ.

ಡ್ರಿಲ್ ಅಂಚನ್ನೂ ಒಂದು ಸಲ ನೋಡಿ. ಮೊಂಡಾದ ಡ್ರಿಲ್ ಉಜ್ಜಿ ಉಜ್ಜಿ 304ರ ಗೋಡೆ ಗಟ್ಟಿಯಾಗುತ್ತೆ, ಆಮೇಲೆ ಟ್ಯಾಪ್ ಅದನ್ನು ಕೊರೆಯೋಕೆ ಒದ್ದಾಡುತ್ತೆ. ನಾವು 6.9 ಡ್ರಿಲ್ ಹಾಕುತ್ತೇವೆ, 6ಎಚ್ (ಥ್ರೆಡ್ ಟಾಲರೆನ್ಸ್) ಪ್ರಕಾರ ಒಳ ವ್ಯಾಸದ ಲಿಮಿಟ್ 6.912, ಒಳಗೇ ಇರುತ್ತೆ. ಹೋಲ್ ಲೂಸಾಗದಂತೆ ನೋಡಿಕೊಳ್ಳಬೇಕು ಅಷ್ಟೆ.

ಹಳೇ ಫಿಟ್ಟರ್:
ಹೌದು, ಗನ್ ಟ್ಯಾಪ್ ಅಂತ ಬರೆದಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಇನ್ನೊಂದು, ಜಿ95 (ಎಫ್ ಅಂದರೆ ಒಂದು ಸುತ್ತಿಗೆ ಇಷ್ಟು ಎಂಎಂ ಅನ್ನುವ ಕೋಡ್) ಹಾಕಿದರೆ ಎಫ್1.25 ಅಂತ ಪಿಚ್ಚೇ ಬರೆಯಬಹುದು, ಎಸ್ ಬದಲಾಯಿಸಿದರೂ ತೊಂದರೆ ಇಲ್ಲ. ಆದರೆ ಮುಗಿದ ಮೇಲೆ ಜಿ94 (ಮತ್ತೆ ನಿಮಿಷಕ್ಕೆ ಎಂಎಂ) ಮರೆಯಬೇಡ. ಮರೆತರೆ ಮುಂದಿನ ಕಟರ್ ಎಫ್300 ಅಂದರೆ ಸುತ್ತಿಗೆ 300 ಎಂಎಂ ಅಂತ ತಿಳಿದುಕೊಳ್ಳುತ್ತೆ.

ಹೊಸ ಸೆಟ್ಟರ್:
ಎಫ್ 500 ಹಾಗೇ ಇತ್ತು ಸಾರ್, ಪ್ರೋಗ್ರಾಂ ತೆಗೆದು ನೋಡಿ ನಾಚಿಕೆಯಾಯಿತು. ಇವತ್ತು ಸ್ಪೈರಲ್ ಟ್ಯಾಪ್, ಹೊಸ ಡ್ರಿಲ್ 6.9, ಆಳ 23, ಎಸ್200 ಎಫ್250. ಮೊದಲು ಝಡ್ 50 ಎಂಎಂ ಎತ್ತಿ ಗಾಳಿಯಲ್ಲಿ ಓಡಿಸಿದೆ, ಆಮೇಲೆ ಪ್ರತಿ ಹೋಲ್‌ಗೆ ಕೈಯಾರೆ ಟ್ಯಾಪಿಂಗ್ ಆಯಿಲ್ ಬಿಟ್ಟೆ. 12 ಹೋಲೂ ಆಯಿತು, ಥ್ರೆಡ್ ಚೆಕ್ ಮಾಡುವ ಗೋ ಗೇಜ್ ಸಲೀಸಾಗಿ ಇಳಿಯಿತು, ಪೂರ್ತಿ ಇಳಿಯಬಾರದ ನೋ-ಗೋ ಒಂದು ಸುತ್ತಿಗೇ ನಿಂತಿತು. ಟ್ಯಾಪ್ ಸಿಕ್ಕಿಕೊಂಡಿರುವ ಎರಡು ಫ್ಲ್ಯಾಂಜ್ ಸ್ಪಾರ್ಕ್‌ಗೆ (ಮುರಿದ ಟ್ಯಾಪನ್ನು ವಿದ್ಯುತ್ ಕಿಡಿಯಿಂದ ಕರಗಿಸಿ ತೆಗೆಯೋಕೆ) ಕಳಿಸಿದ್ದೇವೆ, ಆ ಬಿಲ್ ಸೂಪರ್‌ವೈಸರ್‌ಗೆ ಇನ್ನೂ ತೋರಿಸಿಲ್ಲ.