ಅಪ್‌ಡೇಟ್: ಶ್ರವಣಯಂತ್ರ ಇದ್ದರೂ ಪಾಠ ತಪ್ಪುತ್ತಿದ್ದ ಹುಡುಗಿ (ಬಾಗಲಕೋಟೆ)

ಎರಡೂ ಕಿವಿಗೆ ಯಂತ್ರ ಹಾಕಿಕೊಂಡ ಮೂರನೇ ತರಗತಿ ಹುಡುಗಿ ಉಕ್ತಲೇಖನದಲ್ಲಿ ‘ಸಂತೆ’ಗೆ ‘ಅಂತೆ’ ಎಂದು ಬರೆಯುತ್ತಾಳೆ, ಏನು ಮಾಡೋಣ ಅಂತ ಕೇಳಿದ್ದೆ. ಉತ್ತರ ಕೊಟ್ಟ ಗುರುಗಳಿಗೂ ಅಕ್ಕಾರಿಗೂ ಶರಣು.

ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ನೀವು ಹೇಳಿದ ಆರು ಧ್ವನಿಗಳ ಪರೀಕ್ಷೆ. ಪ್ರಾರ್ಥನೆ ಮುಗಿದ ಮೇಲೆ ಬಾಯಿಗೆ ಹಾಳೆ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಹೇಳುವುದು. ಅವಳು ಕೇಳಿದ್ದನ್ನು ತಿರುಗಿ ಹೇಳಬೇಕು. ಒಂದು ಸಲಕ್ಕೆ ಒಂದೇ ಕಿವಿ. ದಿನಾ ಕ್ರಮ ಬದಲಿಸಬೇಕು, ನಡುವಿನ ಬಿಡುವನ್ನೂ ಹೆಚ್ಚುಕಡಿಮೆ ಮಾಡಬೇಕು. ಇಲ್ಲದಿದ್ದರೆ ಮಕ್ಕಳು ಊಹಿಸಿಯೇ ಹೇಳಿಬಿಡುತ್ತಾರೆ. ಎಡಗಿವಿಗೆ ಶ್, ಸ್ ಬರಲೇ ಇಲ್ಲ. ನೋಡಿದರೆ ಕಿವಿ ಅಚ್ಚಿನ (ಕಿವಿಯೊಳಗೆ ಕೂರುವ ತುಂಡು) ತೂತಿನಲ್ಲಿ ಮೇಣ, ಅದನ್ನು ಯಂತ್ರಕ್ಕೆ ಜೋಡಿಸುವ ನಳಿಗೆಯಲ್ಲಿ ಬೆವರಿನ ಹನಿ. ಅಚ್ಚನ್ನು ಯಂತ್ರದಿಂದ ಬಿಡಿಸಿ ಒರೆಸಿ, ಗಾಳಿ ಊದುವ ರಬ್ಬರ್ ಬುರುಡೆಯಿಂದ ನಳಿಗೆ ಒಣಗಿಸಿದ ಮೇಲೆ ಎರಡೂ ಕೇಳಿಸಿದವು. ಯಂತ್ರಕ್ಕೆ ಮಾತ್ರ ನೀರು ಮುಟ್ಟಿಸಬೇಡಿ. ನಮ್ಮ ಬಿಸಿಲಿಗೆ ಬೆವರು ತಪ್ಪಿದ್ದಲ್ಲ, ರಾತ್ರಿ ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಲು ಅವಳ ಅವ್ವನಿಗೆ ತೋರಿಸಿಕೊಟ್ಟಿದ್ದೇನೆ.

ಯಂತ್ರಕ್ಕೆ ಹಾಕುವ ಜಿಂಕ್-ಏರ್ ಸೆಲ್ (ಗಾಳಿ ತಾಗಿದರೆ ಕೆಲಸ ಶುರು ಮಾಡುವ ಗುಂಡಿ ಬ್ಯಾಟರಿ) ಮೇಲೆ ಅಂಟಿಸಿದ ಚೀಟಿ ಕಿತ್ತು ಒಂದೆರಡು ನಿಮಿಷ ಗಾಳಿಗಿಟ್ಟು ಹಾಕಬೇಕು. ಕಿತ್ತ ಮೇಲೆ ಬಳಸದಿದ್ದರೂ ಅದು ಸವೆಯುತ್ತದೆ.

ಜಾಗ: ಎರಡನೇ ಸಾಲಿನ ಬದಿ. ತಿರುಗಿದರೆ ಉತ್ತರ ಹೇಳುವ ಗೆಳತಿಯರ ಮುಖವೂ ಕಾಣುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತರೆ ನಮ್ಮ ತುಟಿ ಕಪ್ಪಾಗಿ ಕಾಣುತ್ತದೆ, ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಏನೂ ಕಾಣದು.

ಗುಂಪು ಚಟುವಟಿಕೆ ಇನ್ನೂ ಕಷ್ಟವೇ. ನಾಲ್ಕು ಮಕ್ಕಳು ಒಮ್ಮೆಲೇ ಮಾತಾಡಿದರೆ ಯಂತ್ರ ಎಲ್ಲ ಸದ್ದನ್ನೂ ಎತ್ತಿ ಕೊಡುತ್ತದೆ. ಸದ್ಯ ಆ ಗುಂಪನ್ನು ವರಾಂಡಕ್ಕೆ ಕಳಿಸುತ್ತಿದ್ದೇವೆ. ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು) ಬಂದಾಗ ಮೊದಲು ಇದನ್ನೇ ಕೇಳುವುದಿದೆ.